ಟ್ರೀ ತಪ್ಪೋ, ಓಡಾಟ ತಪ್ಪೋ: ಬೈನರಿ ಟ್ರೀ ರಿಕರ್ಶನ್ ಕೈಕೊಟ್ಟಾಗ ದೋಷ ಹುಡುಕುವ ಬಗೆ

ಬೈನರಿ ಟ್ರೀಯನ್ನು ರಿಕರ್ಶನ್‌ನಿಂದ, ಅಂದರೆ ಫಂಕ್ಷನ್ ತನ್ನನ್ನೇ ತಾನು ಕರೆಯುವ ಬಗೆಯಿಂದ, ಸುತ್ತುವ ಕೋಡ್ ಐದಾರು ಸಾಲು, ಅಷ್ಟೇ. ಅದು ಕೆಟ್ಟಾಗ ಮಾತ್ರ ಇಡೀ ಸಂಜೆ ನುಂಗಿಹಾಕುತ್ತದೆ. ಬಳ್ಳಾರಿಯಲ್ಲಿ ಎಂಜಿನಿಯರಿಂಗ್, ಬಿಸಿಎ ಓದುವ ಹುಡುಗರು ಲ್ಯಾಬ್ ಪರೀಕ್ಷೆ ಹತ್ತಿರ ಬಂದಾಗ ಲ್ಯಾಪ್‌ಟಾಪ್ ಹಿಡ್ಕೊಂಡು ಬರುತ್ತಾರೆ. "ಸರ್, ಔಟ್‌ಪುಟ್ ಬರವಲ್ದು" ಅಂತಾರೆ. ಅಷ್ಟೊತ್ತಿಗೆ ಆ ಐದು ಸಾಲನ್ನು ಮೇಲೆ ಕೆಳಗೆ ಮಾಡಿ, ಅಳಿಸಿ, ಮತ್ತೆ ಬರೆದು, ಸರಿಯಿದ್ದದ್ದನ್ನೂ ಕೆಡಿಸಿಕೊಂಡಿರುತ್ತಾರೆ. ಕೂತು ನೋಡಿದರೆ ಎಷ್ಟೋ ಸಲ ಸುತ್ತುವ ಫಂಕ್ಷನ್‌ನದು ಏನೂ ತಪ್ಪಿರುವುದಿಲ್ಲ. ಎಡವಟ್ಟು ಆಗಿರುವುದು ಟ್ರೀ ಕಟ್ಟುವಾಗ.

ಆದ್ದರಿಂದ ಕೋಡಿಗೆ ಕೈ ಹಚ್ಚುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಬೇಕು. ದೋಷ ಟ್ರೀಯಲ್ಲಿದೆಯೋ, ಅದರೊಳಗಿನ ಓಡಾಟದಲ್ಲಿದೆಯೋ? ಇದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಕೆಳಗಿನ ಕೋಡನ್ನೆಲ್ಲ ಕನ್ನಡದಲ್ಲೇ ಬರೆದಿದ್ದೇನೆ. ಸಿ, ಜಾವಾ, ಪೈಥಾನ್ ಯಾವುದಕ್ಕೆ ಬೇಕಾದರೂ ಸಾಲಿಗೆ ಸಾಲು ಹಾಕಿಕೊಳ್ಳಿ. ನೋಡ್ ಅಂದರೆ ಟ್ರೀಯ ಒಂದೊಂದು ಗಂಟು, ರೂಟ್ ಅಂದರೆ ಎಲ್ಲಕ್ಕಿಂತ ಮೇಲಿನ ನೋಡ್, ಲೀಫ್ ಅಂದರೆ ಮಕ್ಕಳಿಲ್ಲದ ನೋಡ್. ಇಷ್ಟು ನಿಮಗೆ ಗೊತ್ತಿದೆ ಅಂದುಕೊಂಡೇ ಶುರು ಮಾಡುತ್ತೇನೆ.

ಮೊದಲು ಕೈಯಿಂದ ಕಟ್ಟಿದ ಒಂದು ಟ್ರೀ

ಪರೀಕ್ಷೆಗೆ 1, 2, 3 ಅಂತ ಅಂಕಿ ಹಾಕುವುದು ನನಗೆ ಇಷ್ಟವಿಲ್ಲ. ಔಟ್‌ಪುಟ್‌ನಲ್ಲಿ ಅಂಕಿ ಕಂಡಾಗ ಅದು ನೋಡ್‌ನ ಬೆಲೆಯೋ, ಆಳವೋ, ಎಣಿಕೆಯೋ ಅಂತ ತಲೆ ಕೆಡುತ್ತದೆ. ಹೆಸರು ಹಾಕಿದರೆ ಆ ಗೊಂದಲ ಇಲ್ಲ. ಕೊಪ್ಪಳ ಜಿಲ್ಲೆಯಲ್ಲಿ 7 ತಾಲ್ಲೂಕುಗಳಿವೆ. ಮೂರು ಹಂತದ ತುಂಬಿದ ಟ್ರೀಗೆ ಬೇಕಾಗುವುದೂ ಸರಿಯಾಗಿ 7 ನೋಡ್. ಅಕ್ಷರ ಕ್ರಮದಲ್ಲಿ ಜೋಡಿಸಿದರೆ ನಡುವೆ ಬರುವುದು ಕುಷ್ಟಗಿ. ಅದೇ ರೂಟ್ ಆಗಲಿ.

```
                 ಕುಷ್ಟಗಿ
        ಕಾರಟಗಿ            ಗಂಗಾವತಿ
  ಕನಕಗಿರಿ   ಕುಕನೂರು   ಕೊಪ್ಪಳ   ಯಲಬುರ್ಗಾ
```

ಇದನ್ನು ಕಟ್ಟುವಾಗ ಹೊಸ ನೋಡ್ ಸೇರಿಸುವ ನಿಮ್ಮ ಇನ್ಸರ್ಟ್ ಫಂಕ್ಷನ್ ಬಳಸಬೇಡಿ. ಏಳು ನೋಡ್ ಮಾಡಿ, ಎಡ ಬಲ ಕೊಂಡಿಗಳನ್ನು ಒಂದೊಂದಾಗಿ ಕೈಯಿಂದಲೇ ಹಾಕಿ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೆ ಹೀಗೆ ಮಾಡಿದಾಗ ಮಾತ್ರ ಟ್ರೀ ಮೇಲೆ ಅನುಮಾನ ಉಳಿಯುವುದಿಲ್ಲ. ಈಗ ಅದರ ಮೇಲೆ ಓಡಾಟ ಬಿಡಿ:

```
ಇನ್‌ಆರ್ಡರ್(ನೋಡ್):
    ನೋಡ್ ಖಾಲಿ ಆಗಿದ್ದರೆ: ವಾಪಸ್
    ಇನ್‌ಆರ್ಡರ್(ನೋಡ್.ಎಡ)
    ಮುದ್ರಿಸು(ನೋಡ್.ಹೆಸರು)
    ಇನ್‌ಆರ್ಡರ್(ನೋಡ್.ಬಲ)
```

ಇನ್‌ಆರ್ಡರ್‌ಗೆ ಬರಬೇಕಾದ ಸಾಲು: ಕನಕಗಿರಿ, ಕಾರಟಗಿ, ಕುಕನೂರು, ಕುಷ್ಟಗಿ, ಕೊಪ್ಪಳ, ಗಂಗಾವತಿ, ಯಲಬುರ್ಗಾ. ಮುದ್ರಿಸುವ ಸಾಲನ್ನು ಎರಡು ಕರೆಗಳಿಗಿಂತ ಮೇಲಕ್ಕೆ ತಂದರೆ ಪ್ರೀಆರ್ಡರ್: ಕುಷ್ಟಗಿ, ಕಾರಟಗಿ, ಕನಕಗಿರಿ, ಕುಕನೂರು, ಗಂಗಾವತಿ, ಕೊಪ್ಪಳ, ಯಲಬುರ್ಗಾ. ಕೆಳಕ್ಕೆ ಇಳಿಸಿದರೆ ಪೋಸ್ಟ್‌ಆರ್ಡರ್: ಕನಕಗಿರಿ, ಕುಕನೂರು, ಕಾರಟಗಿ, ಕೊಪ್ಪಳ, ಯಲಬುರ್ಗಾ, ಗಂಗಾವತಿ, ಕುಷ್ಟಗಿ.

ಇಡೀ ಸಾಲು ಓದುವ ಪುರುಸೊತ್ತಿಲ್ಲದಿದ್ದರೆ ಕುಷ್ಟಗಿ ಎಲ್ಲಿ ಬಿದ್ದಿದೆ ಅಂತ ಮಾತ್ರ ನೋಡಿ. ಮೊದಲು ಬಂದರೆ ಪ್ರೀ, ಕೊನೆಗೆ ಬಂದರೆ ಪೋಸ್ಟ್, ನಡುವೆ ಬಂದರೆ ಇನ್. ಇನ್‌ಆರ್ಡರ್ ಪೂರ್ತಿ ಉಲ್ಟಾ ಬಂದು ಯಲಬುರ್ಗಾ ಮೊದಲು ನಿಂತಿದ್ದರೆ ಎಡ ಬಲ ಅದಲು ಬದಲಾಗಿದೆ.

ಇಲ್ಲೇ ಒಂದು ಎಚ್ಚರಿಕೆ. ತುಂಬಿದ ಟ್ರೀ ತುಂಬಾ ಒಳ್ಳೆಯವನ ಹಾಗೆ ನಟಿಸುತ್ತದೆ, ಕೆಲವು ತಪ್ಪುಗಳನ್ನು ಮುಚ್ಚಿಡುತ್ತದೆ. "ಎಡವೂ ಇಲ್ಲ, ಬಲವೂ ಇಲ್ಲ ಅಂದರೆ ವಾಪಸ್" ಅಂತ ಲೀಫ್‌ನಲ್ಲೇ ನಿಲ್ಲಿಸುವವರಿದ್ದಾರೆ. ಹಾಗೆ ಬರೆದು, ವಾಪಸ್ ಹೋಗುವ ಮುಂಚೆ ಲೀಫ್‌ನ ಹೆಸರನ್ನೂ ಮುದ್ರಿಸಿಬಿಟ್ಟರೆ ಮೇಲಿನ ಟ್ರೀಯಲ್ಲಿ ಎಲ್ಲವೂ ಸರಿಯಾಗಿಯೇ ಬರುತ್ತದೆ. ಈಗ ಕನಕಗಿರಿ, ಯಲಬುರ್ಗಾ ಎರಡನ್ನೂ ಕಿತ್ತು ನೋಡಿ. ಕಾರಟಗಿಗೆ ಬಲಗಡೆ ಮಾತ್ರ ಮಗು, ಗಂಗಾವತಿಗೆ ಎಡಗಡೆ ಮಾತ್ರ. ಅದೇ ಕೋಡ್ ಧಬ್ ಅಂತ ಬೀಳುತ್ತದೆ. ಆಮೇಲೆ ಒಂದೇ ನೋಡ್ ಇರುವ ಟ್ರೀ, ಏನೂ ಇಲ್ಲದ ಟ್ರೀ, ಇವೆರಡರ ಮೇಲೂ ಓಡಿಸಿ. ಎಲ್ಲದರಲ್ಲೂ ಪಾಸಾದರೆ ಓಡಾಟ ನಿರಪರಾಧಿ. ನಿಮ್ಮ ಹುಡುಕಾಟವನ್ನು ಇನ್ಸರ್ಟ್ ಕಡೆ ತಿರುಗಿಸಿ.

ಕರೆಗಳನ್ನು ಎಣಿಸಿ

ಇದು ನನ್ನ ಅಚ್ಚುಮೆಚ್ಚಿನ ಪರೀಕ್ಷೆ. ಫಂಕ್ಷನ್‌ನ ಮೊದಲ ಸಾಲಿನಲ್ಲಿ, ಖಾಲಿ ಇದೆಯಾ ಅಂತ ನೋಡುವುದಕ್ಕೂ ಮೊದಲು, ಒಂದು ಕೌಂಟರ್ ಇಟ್ಟು ಏರಿಸುತ್ತಾ ಹೋಗಿ. 7 ನೋಡ್‌ಗೆ 15 ಕರೆ ಆಗಬೇಕು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಲೆಕ್ಕ ಸುಲಭ. ಏಳು ನೋಡ್‌ಗೆ ತಲಾ ಎರಡರಂತೆ 14 ಕೊಂಡಿ. ರೂಟ್ ಬಿಟ್ಟು ಉಳಿದ 6 ನೋಡ್‌ಗಳು ಆರು ಕೊಂಡಿಗಳಲ್ಲಿ ಕೂತಿವೆ. ಉಳಿದ 8 ಖಾಲಿ. ಓಡಾಟ 7 ನೋಡ್‌ಗೂ ಹೋಗುತ್ತದೆ, 8 ಖಾಲಿ ಜಾಗಕ್ಕೂ ಹೋಗಿ ವಾಪಸ್ ಬರುತ್ತದೆ. ಒಟ್ಟು 15. ಟ್ರೀ ಯಾವ ಆಕಾರದಲ್ಲೇ ಇರಲಿ, ನೋಡ್‌ಗಳ ಎರಡರಷ್ಟಕ್ಕೆ ಒಂದು ಕೂಡಿಸಿದಷ್ಟು ಕರೆ. ಖಾಲಿ ಟ್ರೀಗೆ ಒಂದೇ ಕರೆ. ಕರೆಯುವ ಮುಂಚೆಯೇ "ಎಡ ಇದ್ದರೆ ಮಾತ್ರ ಹೋಗು" ಅಂತ ಬರೆಯುವ ಅಭ್ಯಾಸ ನಿಮಗಿದ್ದರೆ ಲೆಕ್ಕ 7 ಬರುತ್ತದೆ, ಅದೂ ಸರಿಯೇ.

15ಕ್ಕಿಂತ ಕಡಿಮೆ ಬಂದರೆ ಯಾವುದೋ ಕೊಂಬೆಗೆ ಹೋಗದೆ ವಾಪಸ್ ಬಂದಿದ್ದೀರಿ. 17 ಬಂತು ಅನ್ನಿ. ಆಗ ಒಂದು ಲೀಫ್ ಎರಡು ಕಡೆ ನೇತಾಡುತ್ತಿದೆ. ಕುಕನೂರು ನೋಡನ್ನು ಕಾರಟಗಿಯ ಬಲಕ್ಕೂ ಕೊಪ್ಪಳದ ಎಡಕ್ಕೂ ಕೊಂಡಿ ಹಾಕಿದರೆ, ಒಂದು ಕರೆಯಲ್ಲಿ ಮುಗಿಯಬೇಕಿದ್ದ ಖಾಲಿ ಜಾಗ ಮೂರು ಕರೆ ತಿನ್ನುತ್ತದೆ. ಹೆಸರೂ ಎರಡು ಸಲ ಬರುತ್ತದೆ. ಕೌಂಟರ್ ನಿಲ್ಲದೇ ಏರುತ್ತಲೇ ಇದ್ದರೆ ಟ್ರೀಯಲ್ಲಿ ಸುತ್ತು ಬಿದ್ದಿದೆ, ಇಲ್ಲವೇ ನೀವು ಹೋದ ನೋಡ್‌ಗೇ ಮತ್ತೆ ಹೋಗುತ್ತಿದ್ದೀರಿ.

ಆಕಾರ ಮುದ್ರಿಸಿ ನೋಡಿ

ಇನ್‌ಆರ್ಡರ್ ಸಾಲನ್ನು ನೋಡಿ "ಟ್ರೀ ಸರಿ ಇದೆ" ಅನ್ನುವವರು ಜಾಸ್ತಿ. ಅದು ಸಾಕಾಗುವುದಿಲ್ಲ. ಈ 7 ಹೆಸರುಗಳಿಂದ 429 ಬೇರೆ ಬೇರೆ ಆಕಾರದ ಸರ್ಚ್ ಟ್ರೀ, ಅಂದರೆ ಅಕ್ಷರ ಕ್ರಮದಲ್ಲಿ ಮೊದಲಿನವು ಎಡಕ್ಕೆ, ಆಮೇಲಿನವು ಬಲಕ್ಕೆ ಇರುವ ಟ್ರೀ, ಕಟ್ಟಬಹುದು. ಎಲ್ಲದರ ಇನ್‌ಆರ್ಡರ್ ಸಾಲೂ ಒಂದೇ! ಆಕಾರ ಕಾಣಬೇಕಾದರೆ ಪ್ರೀಆರ್ಡರ್‌ನಲ್ಲಿ ಖಾಲಿ ಜಾಗಗಳನ್ನೂ ಗುರುತು ಮಾಡುತ್ತಾ ಮುದ್ರಿಸಬೇಕು.

```
ಆಕಾರ(ನೋಡ್, ಆಳ):
    ನೋಡ್ ಖಾಲಿ ಆಗಿದ್ದರೆ:
        ಆಳದಷ್ಟು ಜಾಗ ಬಿಟ್ಟು "-" ಮುದ್ರಿಸು
        ವಾಪಸ್
    ಆಳದಷ್ಟು ಜಾಗ ಬಿಟ್ಟು ನೋಡ್.ಹೆಸರು ಮುದ್ರಿಸು
    ಆಕಾರ(ನೋಡ್.ಎಡ, ಆಳ + 1)
    ಆಕಾರ(ನೋಡ್.ಬಲ, ಆಳ + 1)
```

ಇಲ್ಲಿ "ಆಳ + 1" ಅಂತ ಕರೆಯೊಳಗೇ ಕೊಡಿ. ಮೊದಲು ಆಳವನ್ನು ಒಂದು ಏರಿಸಿ ಎಡಕ್ಕೆ, ಮತ್ತೆ ಒಂದು ಏರಿಸಿ ಬಲಕ್ಕೆ ಕೊಟ್ಟರೆ ಅಕ್ಕಪಕ್ಕದ ಮಕ್ಕಳು ಬೇರೆ ಬೇರೆ ಹಂತದಲ್ಲಿ ಕಾಣುತ್ತಾರೆ. ಆಮೇಲೆ ಇಲ್ಲದ ದೋಷ ಹುಡುಕುತ್ತಾ ಕೂರುತ್ತೀರಿ.

ಓಡಾಟ ಹೇಗೆ ನಡೆಯುತ್ತದೆ ಅನ್ನುವುದು ಮನಸ್ಸಿಗೆ ಹತ್ತದಿದ್ದರೆ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನಡೆದು ಹೋಗುವ ನೀರುಗಂಟಿಯನ್ನು ನೆನೆಸಿಕೊಳ್ಳಿ. ಕಾಲುವೆ ಕವಲೊಡೆದ ಕಡೆ ಅವನು ಮೊದಲು ಎಡಗವಲು ಹಿಡಿದು ಕೊನೆ ಭಾಗದ ತನಕ ಹೋಗುತ್ತಾನೆ. ಅಲ್ಲಿಂದ ಅದೇ ಕವಲಿಗೆ ವಾಪಸ್ ಬಂದು ಬಲಗಡೆಗೆ ಹೊರಡುತ್ತಾನೆ. ಯಾವ ಕವಲಿಗೆ ವಾಪಸ್ ಬರಬೇಕು ಅನ್ನುವುದನ್ನು ನಿಮ್ಮ ಪ್ರೋಗ್ರಾಮಿನಲ್ಲಿ ನೆನಪಿಟ್ಟುಕೊಳ್ಳುವುದು ಕಾಲ್ ಸ್ಟ್ಯಾಕ್. ಒಂದೊಂದು ಕರೆಗೂ ಅದರಲ್ಲಿ ಒಂದು ಫ್ರೇಮ್. ದೋಷ ಹುಡುಕುವಾಗ ಇಡೀ ದಾರಿಯನ್ನು ತಲೆಯಲ್ಲಿ ನಡೆಯಲು ಹೋಗಬೇಡಿ, ಮೂರನೇ ಹಂತಕ್ಕೆ ಎಲ್ಲರೂ ದಾರಿ ತಪ್ಪುತ್ತಾರೆ. ಒಂದು ಫ್ರೇಮ್ ಹಿಡಿಯಿರಿ. ಎಡದ ಕರೆ ತನ್ನ ಕೆಲಸ ಸರಿಯಾಗಿ ಮುಗಿಸಿ ಬಂತು ಅಂತ ನಂಬಿ. ಈ ಫ್ರೇಮ್ ತನ್ನ ಪಾಲಿನ ಕೆಲಸ ಮಾಡಿತಾ, ಅಷ್ಟು ನೋಡಿ.

ಏನೂ ಮುದ್ರಿಸದೆ ಸುಮ್ನೆ ಮುಗಿದರೆ

ಎರರ್ ಇಲ್ಲ, ಔಟ್‌ಪುಟ್ಟೂ ಇಲ್ಲ. ರೂಟ್ ಖಾಲಿ ಇದೆ, ಅಷ್ಟೇ. ಓಡಾಟ ಒಳಗೆ ಹೋಗಿ, ಖಾಲಿ ನೋಡಿ, ಮರ್ಯಾದೆಯಿಂದ ವಾಪಸ್ ಬಂದಿದೆ. ಸಿ ಭಾಷೆಯಲ್ಲಿ ಇದರ ಕಾರಣ ಹೆಚ್ಚು ಕಡಿಮೆ ಒಂದೇ. ಇನ್ಸರ್ಟ್‌ಗೆ ರೂಟ್‌ನ ವಿಳಾಸ ಇರುವ ಪಾಯಿಂಟರನ್ನು ಕೊಟ್ಟಿರುತ್ತೀರಿ, ಅದು ತನ್ನ ನಕಲಿಗೆ ಹೊಸ ನೋಡ್ ಕಟ್ಟಿಕೊಂಡು ಮುಗಿಸುತ್ತದೆ, ಮೇನ್‌ನಲ್ಲಿರುವ ರೂಟ್ ಮುಟ್ಟದೇ ಉಳಿಯುತ್ತದೆ. ಇನ್ಸರ್ಟ್ ಹೊಸ ರೂಟನ್ನು ಹಿಂತಿರುಗಿಸಲಿ, ನೀವು "ರೂಟ್ = ಇನ್ಸರ್ಟ್(ರೂಟ್, ಹೆಸರು)" ಅಂತ ಹಿಡಿದುಕೊಳ್ಳಿ. ಒಳಗಿನ ರಿಕರ್ಸಿವ್ ಕರೆಗೂ ಇದೇ ನಿಯಮ: "ನೋಡ್.ಎಡ = ಇನ್ಸರ್ಟ್(ನೋಡ್.ಎಡ, ಹೆಸರು)". ಇದನ್ನು ಮರೆತರೆ ರೂಟ್ ಒಂದೇ ಮುದ್ರಣವಾಗಿ ಉಳಿದದ್ದೆಲ್ಲ ಮಾಯ. ಪಾಯಿಂಟರ್‌ಗೆ ಪಾಯಿಂಟರ್ ಕೊಡುವ ದಾರಿಯೂ ಇದೆ. ಆದರೆ ಪರೀಕ್ಷೆಯ ಗಡಿಬಿಡಿಯಲ್ಲಿ ನಕ್ಷತ್ರಗಳ ಲೆಕ್ಕ ತಪ್ಪುತ್ತದೆ, ಹಾಗಾಗಿ ಹೊಸಬರಿಗೆ ನಾನು ಅದನ್ನು ಹೇಳಿಕೊಡುವುದಿಲ್ಲ.

ಸೆಗ್ಮೆಂಟೇಶನ್ ಫಾಲ್ಟ್: ಒಂದೇ ಮಾತು, ಮೂರು ರೋಗ

ಮುಟ್ಟಬಾರದ ಮೆಮೊರಿ ಮುಟ್ಟಿದಾಗ ಸಿಯಲ್ಲಿ ಬರುವ "ಸೆಗ್ಮೆಂಟೇಶನ್ ಫಾಲ್ಟ್" ಅನ್ನುವುದು ಜ್ವರದ ಹಾಗೆ, ಕಾರಣ ಹೇಳುವುದಿಲ್ಲ. ಕಂಪೈಲ್ ಮಾಡುವಾಗ "-ಜಿ" ಆಯ್ಕೆ ಕೊಟ್ಟು, ಜಿಡಿಬಿ ಅನ್ನುವ ಡೀಬಗರ್ ಒಳಗೆ ಓಡಿಸಿ. ಬಿದ್ದ ಮೇಲೆ "ಬಿಟಿ 20" ಅಂತ ಹೊಡೆಯಿರಿ. ಒಳಗಿನ 20 ಫ್ರೇಮ್ ತೋರಿಸುತ್ತದೆ. "ಬಿಟಿ -5" ಅಂದರೆ ಹೊರಗಿನ ಕೊನೆಯ ಐದು. ಪ್ರತಿ ಫ್ರೇಮ್‌ನಲ್ಲೂ ನೋಡ್‌ನ ವಿಳಾಸ ಇರುತ್ತದೆ. ಅದನ್ನೇ ಓದಬೇಕು.

ನಾಲ್ಕೈದು ಫ್ರೇಮ್ ಮಾತ್ರ ಇದ್ದು ಎಲ್ಲಕ್ಕಿಂತ ಒಳಗಿನದರಲ್ಲಿ ವಿಳಾಸ ಸೊನ್ನೆ ಆಗಿದ್ದರೆ, ಖಾಲಿ ನೋಡ್‌ನ ಎಡಕ್ಕೆ ಇಣುಕಿದ್ದೀರಿ. ಬೇಸ್ ಕೇಸ್, ಅಂದರೆ ಖಾಲಿ ಇದ್ದರೆ ವಾಪಸ್ ಅನ್ನುವ ಸಾಲು, ಬಿಟ್ಟುಹೋಗಿದೆ, ಇಲ್ಲವೇ ಲೀಫ್‌ನಲ್ಲಿ ನಿಲ್ಲಿಸುವ ಆ ಹಳೆಯ ಚಾಳಿ. ಇದೇ ರೋಗ ಜಾವಾದಲ್ಲಿ ನಲ್‌ಪಾಯಿಂಟರ್‌ಎಕ್ಸೆಪ್ಶನ್ ಅಂತ, ಪೈಥಾನ್‌ನಲ್ಲಿ "ನನ್‌ಟೈಪ್ ಆಬ್ಜೆಕ್ಟ್ ಹ್ಯಾಸ್ ನೋ ಆಟ್ರಿಬ್ಯೂಟ್" ಅಂತ ಕಾಣಿಸಿಕೊಳ್ಳುತ್ತದೆ.

ಫ್ರೇಮ್ ಕಡಿಮೆ, ವಿಳಾಸ ಸೊನ್ನೆಯೂ ಅಲ್ಲ, ಆದರೆ ಉಳಿದವಕ್ಕೆ ಹೋಲದ ಏನೇನೋ ಅಂಕಿ. ಇದು ಮ್ಯಾಲಕ್‌ನಿಂದ ಮೆಮೊರಿ ಪಡೆದು ಎಡ ಬಲಕ್ಕೆ ನಲ್ (ಖಾಲಿ ಅನ್ನುವ ಗುರುತು) ಹಾಕದೇ ಬಿಟ್ಟ ಪ್ರಸಾದ. ಮ್ಯಾಲಕ್ ಕೊಡುವ ಜಾಗ ಸ್ವಚ್ಛ ಇರುತ್ತದೆ ಅಂತ ಯಾರೂ ಮಾತು ಕೊಟ್ಟಿಲ್ಲ. ಕೆಲವೊಮ್ಮೆ ಅಲ್ಲಿ ಸೊನ್ನೆಗಳೇ ಇರುತ್ತವೆ. ಅದಕ್ಕೇ ಮನೆಯ ಲ್ಯಾಪ್‌ಟಾಪ್‌ನಲ್ಲಿ ಓಡಿದ ಪ್ರೋಗ್ರಾಮ್ ಲ್ಯಾಬ್‌ನಲ್ಲಿ ಬೀಳುವುದು. ಎರಡಕ್ಕೂ ನಲ್ ಹಾಕಿ, ಅಥವಾ ಜಾಗವನ್ನು ಸೊನ್ನೆ ಮಾಡಿಯೇ ಕೊಡುವ ಕ್ಯಾಲಕ್ ಬಳಸಿ.

ಮೂರನೆಯದು, ಸಾವಿರಗಟ್ಟಲೆ ಫ್ರೇಮ್. ಇದು ಸ್ಟ್ಯಾಕ್ ತುಂಬಿ ಬಿದ್ದದ್ದು. ಲಿನಕ್ಸ್‌ನಲ್ಲಿ ಸ್ಟ್ಯಾಕ್ ಸಾಮಾನ್ಯವಾಗಿ 8 ಎಂಬಿ, ವಿಂಡೋಸ್‌ನಲ್ಲಿ 1 ಎಂಬಿ. ಜಾವಾ ಇದನ್ನೇ ಸ್ಟ್ಯಾಕ್‌ಓವರ್‌ಫ್ಲೋಎರರ್ ಅನ್ನುತ್ತದೆ. ಪೈಥಾನ್ ಅಷ್ಟು ದೂರ ಹೋಗಲು ಬಿಡುವುದೇ ಇಲ್ಲ. 1000ಕ್ಕೆ ಗೆರೆ ಎಳೆದು "ಮ್ಯಾಕ್ಸಿಮಮ್ ರಿಕರ್ಶನ್ ಡೆಪ್ತ್ ಎಕ್ಸೀಡೆಡ್" ಅಂತ ರಿಕರ್ಶನ್‌ಎರರ್ ಕೊಡುತ್ತದೆ.

ಬಹಳ ಜನ "ಬೇಸ್ ಕೇಸ್ ಇಲ್ಲದಿದ್ದರೆ ರಿಕರ್ಶನ್ ನಿಲ್ಲೋದೇ ಇಲ್ಲ" ಅಂತ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಫ್ಯಾಕ್ಟೋರಿಯಲ್‌ಗೆ ಅದು ನಿಜ. ಟ್ರೀಗೆ ಹಾಗಲ್ಲ. ಸರಿಯಾದ ಟ್ರೀಯಲ್ಲಿ ಬೇಸ್ ಕೇಸ್ ಮರೆತರೆ ಖಾಲಿ ಜಾಗ ತಲುಪಿದ ಕೂಡಲೇ ಬೀಳುತ್ತೀರಿ, ಅಂದರೆ ಮೊದಲನೇ ರೋಗ. ಸ್ಟ್ಯಾಕ್ ತುಂಬಿದೆ ಅಂದರೆ ಬೇಸ್ ಕೇಸನ್ನು ಬೈಯಬೇಡಿ, ಬೇರೆ ಕಾರಣ ಹುಡುಕಿ.

ಸ್ಟ್ಯಾಕ್ ತುಂಬಿದ್ದು ಸುತ್ತಿನಿಂದಲೋ, ಆಳದಿಂದಲೋ

ಕೈಯಿಂದ ಕಟ್ಟಿದ ಮೂರು ನೋಡ್‌ನ ಟ್ರೀಯಲ್ಲೂ ಸ್ಟ್ಯಾಕ್ ತುಂಬುತ್ತದಾ? ಹಾಗಾದರೆ ಓಡಾಟದಲ್ಲೇ "ನೋಡ್.ಎಡ" ಬದಲು ಬರೀ "ನೋಡ್" ಅಂತ ಕರೆದಿದ್ದೀರಿ. ಫ್ರೇಮ್‌ಗಳಲ್ಲಿ ಒಂದೇ ವಿಳಾಸ ಸಾಲಾಗಿ ಬರುತ್ತದೆ, ನೋಡಿದ ತಕ್ಷಣ ಗೊತ್ತಾಗುತ್ತದೆ.

ಎರಡು ಮೂರು ವಿಳಾಸಗಳು ಸರದಿಯಂತೆ ಮತ್ತೆ ಮತ್ತೆ ಬಂದರೆ ಟ್ರೀಯಲ್ಲಿ ಸುತ್ತು ಬಿದ್ದಿದೆ. ಯಾವುದೋ ಮಗುವಿನ ಕೊಂಡಿ ತನ್ನ ಅಜ್ಜನಿಗೇ ತಾಕಿದೆ. ಡಿಲೀಟ್ ಮಾಡುವಾಗ, ರೊಟೇಟ್ ಮಾಡುವಾಗ ಇದು ಆಗುವುದು ಜಾಸ್ತಿ. ಮಾರಿಸ್ ವಿಧಾನ ಬಳಸುವವರೂ ಹುಷಾರಾಗಿರಿ. 1979ರ ಆ ಉಪಾಯ ಸ್ಟ್ಯಾಕ್ ಇಲ್ಲದೆ ಟ್ರೀ ಸುತ್ತುತ್ತದೆ, ಆದರೆ ದಾರಿ ನೆನಪಿಡಲು ಟ್ರೀಯ ಖಾಲಿ ಬಲ ಕೊಂಡಿಗಳನ್ನೇ ತಾತ್ಕಾಲಿಕವಾಗಿ ಬಳಸಿಕೊಳ್ಳುತ್ತದೆ. ಬೇಕಾದ ಹೆಸರು ಸಿಕ್ಕಿತು ಅಂತ ಅರ್ಧಕ್ಕೇ ವಾಪಸ್ ಬಂದರೆ ಆ ಕೊಂಡಿಗಳು ಹಾಗೇ ಉಳಿಯುತ್ತವೆ. ಮುಂದಿನ ರಿಕರ್ಸಿವ್ ಓಡಾಟ ಅದರಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಪ್ರತಿ ಫ್ರೇಮ್‌ಗೂ ಹೊಸ ವಿಳಾಸ, ಹೊಸ ಹೆಸರು. ಆಗ ಟ್ರೀ ನಿಜವಾಗಿಯೂ ಆಳವಾಗಿದೆ. ಇದಕ್ಕೆ ಕಾರಣ ಎಕ್ಸೆಲ್ ಶೀಟಿನಲ್ಲಿ ಸಿಗುತ್ತದೆ. ಯಾರೋ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿ ಕೊಟ್ಟಿರುತ್ತಾರೆ. ಅದನ್ನು ಹಾಗೇ ಸರ್ಚ್ ಟ್ರೀಗೆ ಹಾಕಿದರೆ ಪ್ರತಿ ಹೆಸರೂ ಹಿಂದಿನದರ ಬಲಕ್ಕೆ ಹೋಗಿ ಕೂರುತ್ತದೆ. ಟ್ರೀ ಹೋಗಿ ಸರಪಳಿ ಆಗುತ್ತದೆ. 1000 ಹೆಸರಿಗೆ 1000 ಹಂತ! ಸಮತೋಲದ ಟ್ರೀ ಆಗಿದ್ದರೆ ಹತ್ತು ಲಕ್ಷ ಹೆಸರಿಗೂ 20 ಹಂತ ಸಾಕಿತ್ತು. ಎರರ್ ಬಂದ ಸಾಲಿನ ನಂಬರ್ ನೋಡಿ. ಇನ್ಸರ್ಟ್ ಕೂಡ ರಿಕರ್ಸಿವ್ ಆಗಿದ್ದರೆ ಬೀಳುವುದು ಅಲ್ಲೇ, ಓಡಾಟದ ಸರದಿಯೇ ಬಂದಿರುವುದಿಲ್ಲ.

ಪೈಥಾನ್‌ನಲ್ಲಿ ರಿಕರ್ಶನ್ ಮಿತಿಯನ್ನು ಏರಿಸುವ ಸೌಲಭ್ಯ ಇದೆ. ತಕ್ಷಣಕ್ಕೆ ಎರರ್ ಹೋಗಬಹುದು. ಆದರೆ ಟ್ರೀ ಸರಪಳಿಯಾಗಿಯೇ ಇರುತ್ತದೆ, ಹುಡುಕಾಟವೂ ಸಾಲಾಗಿ ಒಂದೊಂದೇ ನೋಡಿದಷ್ಟೇ ನಿಧಾನ. ನನ್ನ ಮಾತು ಕೇಳುವುದಾದರೆ ಹೆಸರುಗಳನ್ನು ಕಲಸಿ ಹಾಕಿ. ಅದೂ ಬೇಡ ಅಂದರೆ 1962ರಿಂದಲೂ ಇರುವ ಎವಿಎಲ್ ಟ್ರೀ ಬಳಸಿ, ತನ್ನ ಸಮತೋಲ ತಾನೇ ನೋಡಿಕೊಳ್ಳುತ್ತದೆ. ಟ್ರೀ ಬೇರೆಯವರದ್ದು, ಬದಲಿಸುವ ಹಾಗಿಲ್ಲ ಅಂದಾಗ ರಿಕರ್ಶನ್ ಬಿಟ್ಟು ಸ್ಟ್ಯಾಕನ್ನು ನೀವೇ ಇಟ್ಟುಕೊಳ್ಳಿ:

```
ಸ್ಟ್ಯಾಕ್ = ಖಾಲಿ
ಈಗ = ರೂಟ್
ಈಗ ಖಾಲಿ ಅಲ್ಲದಿದ್ದರೆ, ಅಥವಾ ಸ್ಟ್ಯಾಕ್‌ನಲ್ಲಿ ಏನಾದರೂ ಇದ್ದರೆ, ಹೀಗೇ ಮಾಡುತ್ತಿರು:
    ಈಗ ಖಾಲಿ ಆಗುವ ತನಕ:
        ಸ್ಟ್ಯಾಕ್‌ಗೆ ಈಗ ಹಾಕು
        ಈಗ = ಈಗ.ಎಡ
    ಈಗ = ಸ್ಟ್ಯಾಕ್‌ನಿಂದ ಮೇಲಿನದನ್ನು ತೆಗೆ
    ಮುದ್ರಿಸು(ಈಗ.ಹೆಸರು)
    ಈಗ = ಈಗ.ಬಲ
```

ಬೀಳುವುದಿಲ್ಲ, ಆದರೆ ಉತ್ತರ ತಪ್ಪು

ಬಿದ್ದ ಪ್ರೋಗ್ರಾಮ್ ಸುಲಭ. ನಗುನಗುತ್ತಾ ತಪ್ಪು ಉತ್ತರ ಕೊಡುವುದು ಕಷ್ಟ. ಇಲ್ಲಿ ತಪ್ಪಿನ ಆಕಾರವನ್ನೇ ಓದಬೇಕು.

ನೋಡ್ ಎಣಿಸುವ ಫಂಕ್ಷನ್ ಯಾವ ಟ್ರೀಗೆ ಕೊಟ್ಟರೂ 1 ಅನ್ನುತ್ತಿದ್ದರೆ ಎಡ ಬಲದ ಕರೆಗಳು ತಂದ ಉತ್ತರವನ್ನು ಹಿಡಿದುಕೊಂಡಿಲ್ಲ. ಕರೆ ಆಗಿದೆ, ಉತ್ತರ ಬಂದಿದೆ, ಬಂದದ್ದು ಗಾಳಿಗೆ ಹೋಗಿದೆ. "ವಾಪಸ್ 1 + ಎಣಿಕೆ(ನೋಡ್.ಎಡ) + ಎಣಿಕೆ(ನೋಡ್.ಬಲ)" ಅಂತ ಒಂದೇ ಸಾಲಿನಲ್ಲಿ ಬರೆದರೆ ಈ ತಪ್ಪಿಗೆ ಜಾಗವೇ ಇರುವುದಿಲ್ಲ. ಎತ್ತರ ಒಂದು ಹೆಚ್ಚು ಅಥವಾ ಒಂದು ಕಡಿಮೆ ಬಂದರೆ ಕೋಡ್ ತಿದ್ದುವ ಮುಂಚೆ ಪ್ರಶ್ನೆ ಓದಿ. ಖಾಲಿ ಟ್ರೀಯ ಎತ್ತರವನ್ನು ಕೆಲವರು 0 ಅಂತಾರೆ, ಕೆಲವರು -1 ಅಂತಾರೆ. ಎರಡೂ ಚಾಲ್ತಿಯಲ್ಲಿವೆ.

ಹುಡುಕುವ ಫಂಕ್ಷನ್‌ನಲ್ಲಿ ಇದರ ತಮ್ಮನೊಬ್ಬ ಇದ್ದಾನೆ. ಸರ್ಚ್ ಟ್ರೀ ಅಲ್ಲದ ಸಾಮಾನ್ಯ ಬೈನರಿ ಟ್ರೀಯಲ್ಲಿ ಎಡ ಬಲ ಎರಡೂ ಕಡೆ ಹುಡುಕಬೇಕು. "ವಾಪಸ್ ಹುಡುಕು(ನೋಡ್.ಎಡ)" ಅಂತ ಬರೆದುಬಿಟ್ಟರೆ ಬಲದ ಸಾಲಿಗೆ ಯಾವತ್ತೂ ಬರುವುದಿಲ್ಲ. ನಮ್ಮ ಟ್ರೀಯಲ್ಲಿ ಏಳೂ ಹೆಸರನ್ನು ಹುಡುಕಿಸಿ ನೋಡಿ. ಕುಷ್ಟಗಿ, ಕಾರಟಗಿ, ಕನಕಗಿರಿ ಸಿಗುತ್ತವೆ. ಉಳಿದ ನಾಲ್ಕು ಸಿಗುವುದಿಲ್ಲ. ಸಿಕ್ಕ ಮೂರೂ ಟ್ರೀಯ ಎಡ ಅಂಚು ಅಲ್ವಾ? ಅದೇ ಸಾಕ್ಷಿ. ಎಡದಲ್ಲಿ ಸಿಕ್ಕರೆ ಮಾತ್ರ ವಾಪಸ್ ಹೋಗಿ, ಸಿಗದಿದ್ದರೆ ಬಲಕ್ಕೆ ಹೋಗುವ ಹಾಗೆ ಬರೆಯಿರಿ.

ಮೊದಲ ಸಲ 7 ಹೆಸರು, ಎರಡನೇ ಸಲ ಕರೆದಾಗ 14. ಇದು ಪೈಥಾನ್‌ನ ಪ್ರಸಿದ್ಧ ಗುಂಡಿ. ಫಂಕ್ಷನ್‌ನ ತಲೆಯಲ್ಲಿ "ಪಟ್ಟಿ = []" ಅಂತ ಡೀಫಾಲ್ಟ್ ಕೊಟ್ಟಿರುತ್ತೀರಿ. ಆ ಖಾಲಿ ಪಟ್ಟಿ ಹುಟ್ಟುವುದು ಒಂದೇ ಸಲ, ಪೈಥಾನ್ ಆ ಫಂಕ್ಷನ್‌ನ ಡೆಫ್ ಸಾಲನ್ನು ಓಡಿಸಿದಾಗ. ಆಮೇಲೆ ಎಲ್ಲ ಕರೆಗಳೂ ಅದೇ ಪಟ್ಟಿಗೆ ತುಂಬುತ್ತವೆ. ಗ್ಲೋಬಲ್ ಕೌಂಟರನ್ನು ಸೊನ್ನೆ ಮಾಡದೇ ಬಿಟ್ಟರೂ ಇದೇ ಕಥೆ.

ರೂಟ್‌ನಿಂದ ಪ್ರತಿ ಲೀಫ್‌ಗೆ ಹೋಗುವ ದಾರಿಗಳನ್ನು ಕೂಡಿಹಾಕುವ ಲೆಕ್ಕದಲ್ಲಿ ನಾಲ್ಕು ಖಾಲಿ ಪಟ್ಟಿಗಳು ಬಂದವು ಅನ್ನಿ. ನಾಲ್ಕು ಲೀಫ್ ಇರುವುದರಿಂದ ಎಣಿಕೆ ಸರಿ. ಆದರೆ ನಾಲ್ಕು ಸಲವೂ ನೀವು ಇಟ್ಟದ್ದು ಒಂದೇ ಪಟ್ಟಿಯ ವಿಳಾಸ, ಮತ್ತು ವಾಪಸ್ ಬರುವಾಗ ಅದನ್ನು ಖಾಲಿ ಮಾಡುತ್ತಾ ಬಂದಿದ್ದೀರಿ. ಲೀಫ್ ತಲುಪಿದಾಗ ಪಟ್ಟಿಯ ನಕಲು ಮಾಡಿ ಇಡಿ. ಇದರ ಉಲ್ಟಾ ಲಕ್ಷಣವೂ ಇದೆ, ದಾರಿಗಳು ಉದ್ದ ಆಗುತ್ತಲೇ ಹೋಗುತ್ತವೆ. ವಾಪಸ್ ಬರುವಾಗ ಕೊನೆಯ ಹೆಸರನ್ನು ತೆಗೆಯುವುದು ಮರೆತಿದೆ.

ಕೊಪ್ಪಳ ಎರಡು ಸಲ ಬಂದಾಗ

ಇನ್‌ಆರ್ಡರ್ ಸಾಲಿನಲ್ಲಿ ಕೊಪ್ಪಳ, ಕೊಪ್ಪಳ ಅಂತ ಪಕ್ಕಪಕ್ಕದಲ್ಲೇ ಎರಡು. ಇನ್ಸರ್ಟ್‌ನಲ್ಲಿ "ಸಮ ಇದ್ದರೆ ಸೇರಿಸಬೇಡ" ಅಂತ ಇದೆ. ಕರೆಗಳ ಲೆಕ್ಕ ಹಾಕಿದರೆ 8 ನೋಡ್‌ಗೆ 17, ಅದೂ ಸರಿ. ಓಡಾಟ ಸರಿ, ಇನ್ಸರ್ಟ್ ಸರಿ. ಹಾಗಾದರೆ?

ಹೆಸರೇ ತಪ್ಪು. ಪೈಥಾನ್‌ನಲ್ಲಿ ಆ ಎರಡು ಹೆಸರುಗಳ ಉದ್ದ ಕೇಳಿ. ಒಂದು 6 ಅನ್ನುತ್ತದೆ, ಇನ್ನೊಂದು 7. ಒಂದೊಂದೇ ಅಕ್ಷರದ ಯುನಿಕೋಡ್ ಸಂಖ್ಯೆ ತೆಗೆದರೆ ಗುಟ್ಟು ಗೊತ್ತಾಗುತ್ತದೆ. ಕಕಾರದ ಮೇಲಿನ ಒತ್ವ ಒಂದರಲ್ಲಿ 3274 ಅನ್ನುವ ಒಂದೇ ಸಂಕೇತ. ಇನ್ನೊಂದರಲ್ಲಿ ಅದು 3270, 3266 ಅಂತ ಎರಡು ತುಂಡು, ಎತ್ವ ಮತ್ತು ಊತ್ವದ ಚಿಹ್ನೆಗಳು ಸೇರಿದ್ದು. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಹೋಲಿಸುವ ಯಂತ್ರಕ್ಕೆ ಎರಡೂ ಬೇರೆ. ಈತ್ವ, ಏತ್ವ, ಐತ್ವ, ಓತ್ವಗಳಿಗೂ ಇದೇ ಕಾಟ. ಟ್ರೀಗೆ ಹಾಕುವಾಗಲೂ ಹುಡುಕುವಾಗಲೂ ಹೆಸರನ್ನು ಇಂಥ ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತಂದುಕೊಳ್ಳಿ, ಪೈಥಾನ್‌ನ ಯುನಿಕೋಡ್‌ಡೇಟಾದಲ್ಲಿ ಅದಕ್ಕೆ ನಾರ್ಮಲೈಸ್ ಅನ್ನುವ ಫಂಕ್ಷನ್ ಇದೆ. ಹೆಸರಿನ ಕೊನೆಯ ಸ್ಪೇಸ್, ನಡುವೆ ಅಡಗಿರುವ ಅಗಲವಿಲ್ಲದ ಅಕ್ಷರಗಳು ಇದರಿಂದ ಹೋಗುವುದಿಲ್ಲ. ಅವನ್ನು ಬೇರೆಯಾಗಿ ತೆಗೆಯಬೇಕು.

ಹಳೆಯ ಕಡತಗಳಿಂದ ತಂದ ಹೆಸರುಗಳಾದರೆ ಇನ್ನೂ ಒಂದು ನೋಡಿ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಕನ್ನಡದ ಹಾಗೆ ಕಂಡರೂ ಒಳಗೆ ಕನ್ನಡದ ಸಂಕೇತಗಳೇ ಇರುವುದಿಲ್ಲ. ಅದರ ಇನ್‌ಆರ್ಡರ್‌ನಲ್ಲಿ ಅಕಾರಾದಿ ಹುಡುಕಿದರೆ ಸಿಗುವುದು ತಲೆನೋವು. ಮೊದಲು ಯುನಿಕೋಡ್‌ಗೆ ಬದಲಾಯಿಸಿ, ಆಮೇಲೆ ಟ್ರೀ.

ಅಂಕಿಗಳಲ್ಲೂ ಇಂಥದ್ದೇ ಇದೆ. ಪೈಥಾನ್‌ನ ಇನ್‌ಪುಟ್ ಕೊಡುವುದು ಅಕ್ಷರ ಸಾಲು. ಅಂಕಿಗೆ ಬದಲಿಸದೇ ಹಾಕಿದರೆ 9ಕ್ಕಿಂತ 10 ಚಿಕ್ಕದಾಗಿ ಎಡಕ್ಕೆ ಹೋಗುತ್ತದೆ. ಜಾವಾದಲ್ಲಿ ಇಂಟಿಜರ್ ಆಬ್ಜೆಕ್ಟ್‌ಗಳನ್ನು ಎರಡು ಸಮ ಚಿಹ್ನೆಯಿಂದ ಹೋಲಿಸಿದರೆ -128ರಿಂದ 127ರ ತನಕ ಎಲ್ಲ ಸರಿ ಕಾಣುತ್ತದೆ, ಯಾಕಂದರೆ ಅಷ್ಟನ್ನು ಜಾವಾ ಮೊದಲೇ ಮಾಡಿ ಇಟ್ಟುಕೊಂಡಿರುತ್ತದೆ. ಸಣ್ಣ ಅಂಕಿಗಳಲ್ಲಿ ಪರೀಕ್ಷೆ ಮಾಡಿ ಖುಷಿಪಟ್ಟು, ಆಮೇಲೆ ಪಿನ್‌ಕೋಡ್ ಹಾಕಿದಾಗ ಬಳ್ಳಾರಿಯ 583101, ರಾಯಚೂರಿನ 584101 ಟ್ರೀಯಲ್ಲಿದ್ದರೂ "ಇಲ್ಲ" ಅನ್ನುತ್ತದೆ. ಈಕ್ವಲ್ಸ್ ಬಳಸಿ.

ಸರ್ಚ್ ಟ್ರೀ ಸರಿ ಇದೆಯಾ ಅಂತ ಪರೀಕ್ಷಿಸುವ ಫಂಕ್ಷನ್ನೇ ಮೋಸ ಮಾಡುವುದುಂಟು. ಅಪ್ಪನಿಗಿಂತ ಎಡದ ಮಗು ಚಿಕ್ಕದು, ಬಲದ ಮಗು ದೊಡ್ಡದು ಅಂತ ನೋಡಿದರೆ ಸಾಲದು. ಕಾರಟಗಿಯ ಬಲಕ್ಕೆ ಕುಕನೂರಿನ ಬದಲು ಗಂಗಾವತಿ ಕೂತಿದ್ದರೆ ಈ ಪರೀಕ್ಷೆ ಪಾಸ್ ಅನ್ನುತ್ತದೆ. ಆದರೆ ಗಂಗಾವತಿ ರೂಟ್ ಕುಷ್ಟಗಿಗಿಂತ ದೊಡ್ಡದು, ಎಡಭಾಗದಲ್ಲಿ ಎಲ್ಲೂ ಇರುವ ಹಾಗಿಲ್ಲ. ಕೆಳಗೆ ಇಳಿಯುವಾಗ ಕನಿಷ್ಠ, ಗರಿಷ್ಠ ಮಿತಿಗಳನ್ನೂ ಜೊತೆಗೆ ಕೊಟ್ಟು ಕಳಿಸಿ.

ಕೊನೆಗೆ ಫ್ರೀ ಮಾಡುವಾಗ

ಸಿಯಲ್ಲಿ ಟ್ರೀ ಅಳಿಸುವುದು ಪೋಸ್ಟ್‌ಆರ್ಡರ್‌ನಲ್ಲೇ ಆಗಬೇಕು. ಮೊದಲು ನೋಡನ್ನು ಫ್ರೀ ಮಾಡಿ ಆಮೇಲೆ ಅದರ ಎಡ ಬಲ ಕೇಳಿದರೆ, ನಿಮ್ಮದಲ್ಲದ ಜಾಗ ಓದಿದ ಹಾಗೆ. ಕೆಲವೊಮ್ಮೆ ಹಳೆಯ ವಿಳಾಸ ಇನ್ನೂ ಅಲ್ಲೇ ಇದ್ದು ಪ್ರೋಗ್ರಾಮ್ ಸುಸೂತ್ರವಾಗಿ ಮುಗಿಯುತ್ತದೆ. ಅದನ್ನು ನಂಬಬೇಡಿ. ಮೆಮೊರಿ ತಪ್ಪು ಹಿಡಿಯುವ ವಾಲ್‌ಗ್ರಿಂಡ್‌ನಲ್ಲಿ ಓಡಿಸಿ, "ಇನ್‌ವ್ಯಾಲಿಡ್ ರೀಡ್" ಅಂತ ಸಾಲಿನ ನಂಬರ್ ಸಮೇತ ತೋರಿಸುತ್ತದೆ. ಎಲ್ಲ ಫ್ರೀ ಆದ ಮೇಲೆ ಮೇನ್‌ನಲ್ಲಿರುವ ರೂಟ್‌ಗೆ ನಲ್ ಹಾಕಿ. ಹಾಕದಿದ್ದರೆ ಮೆನುವಿನಲ್ಲಿ ಮತ್ತೊಮ್ಮೆ "ಮುದ್ರಿಸು" ಆರಿಸಿದ ಕೂಡಲೇ ಓಡಾಟ ಸತ್ತ ಟ್ರೀಯೊಳಗೆ ನುಗ್ಗುತ್ತದೆ, ಜಿಡಿಬಿಯಲ್ಲಿ ಮತ್ತೆ ಆ ಏನೇನೋ ವಿಳಾಸಗಳೇ ಕಾಣುತ್ತವೆ.